ಹಲ್ಲು ಕೀಳಿಸುವ ಮುನ್ನ

"ಚಂಪಕಾ, ನನಗೆ ಮಸಾಲೆ ವಡೆ ಬೇಕು ಕಣೇ."

ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಸೆರಗು ಸರಿಮಾಡಿಕೊಳ್ಳುವ ಮೊದಲೇ ಅಂಬುಜಮ್ಮ ಹೇಳಿದ ಮಾತಿದು. ಸೊಸೆ ಚಂಪಕಳಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಟಿ. ನರಸೀಪುರದ ಅರ್ಚಕರ ಮನೆಯ ಹಿರಿಯ ಹೆಂಗಸು. ಅರವತ್ತೆರಡು ವರ್ಷದಲ್ಲಿ ಹೊರಗೆ ಒಂದು ಲೋಟ ನೀರು ಕುಡಿದವರಲ್ಲ. ಈರುಳ್ಳಿ ಆ ಮನೆಯ ಹೊಸಿಲು ದಾಟಿದ್ದಿಲ್ಲ.

"ಅಮ್ಮಾ, ಮೂರು ಗಂಟೆಗೆ ಹಲ್ಲಿನ ಡಾಕ್ಟ್ರು ಬರೋಕೆ ಹೇಳಿದಾರೆ."

"ಅದಕ್ಕೇ ಹೇಳ್ತಿರೋದು! ಅಗಿಯೋಕೆ ಅಂತ ಉಳಿದಿರೋದು ನಾಲ್ಕೇ ಹಲ್ಲು. ಅವನ್ನೂ ಕಿತ್ತಮೇಲೆ ಗರಿಗರಿ ಅನ್ನೋದು ನನಗಿನ್ನೆಲ್ಲಿ? ಇಪ್ಪತ್ತು ವರ್ಷದಿಂದ ಇಲ್ಲಿ ಇಳಿದಾಗಲೆಲ್ಲ ಮೂಗು ಮುಚ್ಕೊಂಡೇ ಹೋಗಿದೀನಿ. ಹೇಸಿಗೆಗಲ್ಲ ಕಣೇ, ಆಸೆಗೆ."

ಬೇವಿನ ಮರದ ಕೆಳಗೆ ವಡೆ ಮಾರುವ ಬಿಳಿಗೆರೆಯ ರುದ್ರಾಣಿಯ ಬಾಣಲೆ ಚುರ್ ಎನ್ನುತ್ತಿತ್ತು. ಕಡಲೆಬೇಳೆ, ಈರುಳ್ಳಿ, ಸಬ್ಬಸಿಗೆ ಸೊಪ್ಪಿನ ಘಮ ಇಡೀ ಸ್ಟ್ಯಾಂಡನ್ನು ತುಂಬಿತ್ತು. ಚಂಪಕಳ ಕಣ್ಣು ಹಿಂದಕ್ಕೆ ಹೋಯಿತು. ನರಸೀಪುರದ ಬಸ್ಸು ಇನ್ನೂ ಅಲ್ಲೇ ನಿಂತಿದೆ. ಕಿಟಕಿಯಿಂದ ಯಾರಾದರೂ ಊರಿನವರು ನೋಡಿ ಮಾವನ ಕಿವಿಗೆ ಹಾಕಿದರೆ ಮುಗಿಯಿತು; ದೇವರ ನೈವೇದ್ಯದ ಒಲೆಯ ಹತ್ತಿರ ಇಬ್ಬರನ್ನೂ ಇನ್ನು ಸೇರಿಸುವವರಲ್ಲ. ಬೇಡ ಎನ್ನಲು ಬಾಯಿ ತೆರೆದವಳು ಅತ್ತೆಯ ಮುಖ ನೋಡಿದಳು. ಮೊದಲ ಸಲ ತವರಿಗೆ ಹೊರಟ ಹುಡುಗಿಯ ಮುಖದ ಹಾಗಿತ್ತು ಅದು.

"ಬನ್ನಿ, ಬೇಗ!" ಎಂದು ಅವರ ಕೈ ಹಿಡಿದು ಚಂಪಕ ಓಡುನಡಿಗೆಯಲ್ಲಿ ಹೊರಟಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅಂಬುಜಮ್ಮ ಬೆಂಚಿನ ತುದಿಯಲ್ಲಿ ಕೂತರು. ಬಸ್ಸಿನ ಕಡೆಗೆ ಬೆನ್ನು ಮಾಡಿ ಚಂಪಕ ಅವರಿಗೆ ಅಡ್ಡ ನಿಂತಳು. ಬಾಳೆ ಎಲೆಯ ತುಂಡಿನಲ್ಲಿ ಎರಡು ವಡೆ ಬಂದವು. ಅಂಬುಜಮ್ಮ ಒಂದನ್ನು ಮುರಿದು, ಊದಿ, ಆ ನಾಲ್ಕು ಹಲ್ಲು ಸಿಗುವ ಕಡೆಗೆ ನಾಲಗೆಯಲ್ಲಿ ತಳ್ಳಿದರು. ಕರುಂ ಎಂದ ಸದ್ದು ಸೊಸೆಗೂ ಕೇಳಿಸಿತು.

"ಅಯ್ಯೋ, ಈರುಳ್ಳಿ ಬೆಂದ್ರೆ ಇಷ್ಟು ಸಿಹಿಯಾಗುತ್ತೇನೇ! ನಾನು ಮಾಡೋ ಆಂಬೊಡೆ ಇದರ ಮುಂದೆ ಬರೀ ಬೇಳೆ ಮುದ್ದೆ!"

"ಮೆಲ್ಲಗೆ ಅಮ್ಮಾ, ಬಸ್ಸಿನವರಿಗೆ ಕೇಳ್ಸುತ್ತೆ!"

"ಕೇಳಿಸ್ಲಿ ಬಿಡು. ಬಾಯಿಗೆ ನೀರು ಬಂದು ಅವರೂ ಇಳೀತಾರೆ."

ಎರಡನೆಯದೂ ಮುಗಿಯಿತು. ರುದ್ರಾಣಿ ಜಾಲರಿ ಸೌಟಿನಲ್ಲಿ ಹೊಸ ವಡೆಗಳನ್ನು ಎತ್ತಿ ಎಣ್ಣೆ ಬಸಿಯುತ್ತ ಹತ್ತಿರ ಬಂದಳು. "ಇನ್ನೊಂದು ಆಕ್ಲಾ ಅವ್ವಾ? ಈಗ್ತಾನೆ ತೆಗ್ದಿವ್ನಿ, ಬಿಸಿಬಿಸಿ ಅವೆ."

ಅಂಬುಜಮ್ಮ ತಿರುಗಿ ಹಿಂದೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

"ನಿಮ್ಮುನ್ನೇ ಕೇಳ್ತಿರದು ಕಣವ್ವಾ."

ಅಂಬುಜಮ್ಮ ಎಲೆಯನ್ನು ಮುಂದೆ ಚಾಚಿದರು. ಬಿಸಿ ವಡೆ ಅದರಲ್ಲಿ ಬಿತ್ತು. "ನಲವತ್ತಾರು ವರ್ಷ ಈ ಮಾತನ್ನ ನಾನೇ ಎಲ್ಲರನ್ನೂ ಕೇಳಿದ್ದು," ಎಂದರು, ಅರ್ಧ ತಮಗೇ ಹೇಳಿಕೊಳ್ಳುವಂತೆ. "ಇನ್ನೊಂದು ಬಡಿಸ್ಲಾ, ಬಿಸಿ ಇದೆ ಅಂತ. ನಾನು ಕೂರೋ ಹೊತ್ತಿಗೆ ಒಲೆ ಕೂಡ ಆರಿರ್ತಿತ್ತು."

ಸೊಸೆಯ ಬೆನ್ನ ಹಿಂದೆ ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟಿತು. ಮದುವೆಯಾಗಿ ಬಂದ ಎಂಟು ವರ್ಷದಲ್ಲಿ ಚಂಪಕಳೂ ಅದೇ ಒಲೆಯ ಮುಂದೆ, ಅತ್ತೆಯೂ ಎದ್ದ ಮೇಲೆ, ಕೊನೆಗೆ ಕೂತವಳು.

ಅಂಬುಜಮ್ಮ ಬೆಂಚಿನ ಮೇಲೆ ಸರಿದು ಜಾಗ ಮಾಡಿದರು. ಹಬೆಯಾಡುತ್ತಿದ್ದ ವಡೆಯನ್ನು ಸೊಸೆಯ ಅಂಗೈಯಲ್ಲಿ ಇಟ್ಟು, ತಾವೇ ಅವಳ ಬೆರಳು ಮಡಚಿದರು.

"ಕೂತ್ಕೋ. ಆರೋಕೆ ಮುಂಚೆ ತಿನ್ನು."