ಸೈಲಸ್ ಬಗ್ಗಿಸಿಟ್ಟ ಕಾಫಿ

ಕುದುರೆಗಾಡಿಗಳ ಕಾಲದ ಅಮೆರಿಕದಲ್ಲಿ, ವರ್ಮಾಂಟ್‌ನ ಆ ಊರಿನಲ್ಲಿ, ಸಾವಾದ ಮನೆಯೊಳಗೆ ಕಾಲ ನಿಂತುಬಿಡುತ್ತಿತ್ತು. ಬೇರೆ ಊರುಗಳಲ್ಲಿ ಸತ್ತವರ ಮನೆಯಲ್ಲಿ ಮಾಡುವಂತೆ ಗಡಿಯಾರವನ್ನು ಯಾರೂ ನಿಲ್ಲಿಸಬೇಕಾಗಿರಲಿಲ್ಲ. ಹಾಲು ಕೆಡುತ್ತಿರಲಿಲ್ಲ, ಕಲಸಿಟ್ಟ ಹಿಟ್ಟು ಉಬ್ಬುತ್ತಿರಲಿಲ್ಲ. ಅದಕ್ಕೇ ಅಂಥ ಮನೆಗೆ ನೆರೆಯವರು ಬ್ರೆಡ್ ತಂದುಕೊಡುವುದು ವಾಡಿಕೆ.

ವಿಧವೆ ಮರ್ಸಿಯ ಮನೆಗೆ ಪಕ್ಕದ ಮನೆಯ ಮುದುಕಿ ಟ್ಯಾಬಿತಾ ಎರಡು ವರ್ಷದಿಂದ ಬ್ರೆಡ್ ತರುತ್ತಿದ್ದಳು. ಬಂದಾಗಲೆಲ್ಲ ಕಿಟಕಿಯ ಬಳಿ ಇಟ್ಟ ಹಿಟ್ಟಿನ ಬಟ್ಟಲನ್ನು ಇಣುಕಿ ನೋಡಿ, ಮತ್ತೆ ಬಟ್ಟೆ ಮುಚ್ಚಿ ಹೋಗುತ್ತಿದ್ದಳು. ಗಂಡ ಸೈಲಸ್ ಕೊನೆಯ ಬೆಳಿಗ್ಗೆ ಮರ್ಸಿಗೆಂದು ಬಗ್ಗಿಸಿಟ್ಟ ಕಾಫಿ ಮೇಜಿನ ಮೇಲೆ ಇನ್ನೂ ಹಬೆಯಾಡುತ್ತಿತ್ತು. ಕುಡಿದರೆ ಅವನು ಮುಗಿದೇಹೋಗುತ್ತಾನೆಂದು ಮರ್ಸಿ ಅದನ್ನು ಮುಟ್ಟಿರಲಿಲ್ಲ.

ಈ ಗುರುವಾರ ಬಟ್ಟಲ ಮೇಲಿನ ಬಟ್ಟೆ ಎತ್ತಿದ ಟ್ಯಾಬಿತಾ ಹಾಗೇ ನಿಂತಳು.

“ಮರ್ಸಿ, ಬಾ ಇಲ್ಲಿ. ಹಿಟ್ಟು ಉಬ್ಬಿದೆ ಕಣೇ!”

ಮರ್ಸಿ ಹಿಟ್ಟಿನ ಕಡೆ ನೋಡಲಿಲ್ಲ. ಓಡಿಹೋಗಿ ಕಾಫಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಳು. ತಣ್ಣಗಾಗಿತ್ತು.

“ನಾನೇನೂ ಮಾಡ್ಲಿಲ್ಲ. ನಿನ್ನೆ ನಿಮ್ಮ ಮೇಕೆ ಪಾದ್ರಿಗಳ ಟೋಪಿ ತಿಂತಿತ್ತಲ್ಲ, ನೋಡಿ ನಕ್ಕುಬಿಟ್ಟೆ. ಅಷ್ಟೇ,” ಎಂದಳು, ತಪ್ಪೊಪ್ಪಿಕೊಳ್ಳುವವಳಂತೆ.

“ನಕ್ಕರೆ ತಪ್ಪೇನೇ? ಕುಡಿ ಅದನ್ನ. ಇನ್ನು ಇಟ್ರೆ ಕೆಟ್ಟುಹೋಗುತ್ತೆ.”

ಮರ್ಸಿ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಮುಖ ಕಿವಿಚಿದಳು.

“ಏನಾಯ್ತೇ?”

“ಸಕ್ಕರೆನೇ ಹಾಕಿಲ್ಲ ಇವರು! ಮದುವೆಯಾದಾಗಿಂದ ಬಡ್ಕೊಂಡಿದೀನಿ, ಒಂದು ದಿನಾನೂ ನೆನಪಿಟ್ಕೊಳ್ಳಲಿಲ್ಲ!”

ಕಪ್ಪು ಗೌನಿನ ತೋಳಿನಲ್ಲಿ ಕಣ್ಣೊರೆಸಿಕೊಂಡು, ಎರಡು ವರ್ಷದಿಂದ ಬೈದೇ ಇರದ ಗಂಡನನ್ನು ಬೈಯುತ್ತಲೇ ಅವಳು ಸಕ್ಕರೆ ಡಬ್ಬಿ ಹುಡುಕತೊಡಗಿದಳು.