ಗೇಟಿನ ಹೊರಗೆ

ಗಂಡನ ಹೊಡೆತ ತಾಳಲಾರದೆ ವನಮಾಲಾ ಮಗಳನ್ನು ಎತ್ತಿಕೊಂಡು ಗುರುತು ಪರಿಚಯವಿಲ್ಲದ ಊರು ಸೇರಿದ್ದಳು. ಎಲ್ಲಿದ್ದರೂ ಹುಡುಕಿ ಮಗುವನ್ನು ಎಳೆದೊಯ್ಯುತ್ತೇನೆಂದು ಅವನು ಹೇಳಿದ್ದ. ಹಾಗಾಗಿ ಒಂದನೇ ತರಗತಿಯ ಮೊದಲ ದಿನ ಅವಳು ಶಾಲೆಯ ಗೇಟು ಬಿಟ್ಟು ಕದಲಲಿಲ್ಲ. ಬೈಕಿನ ಸದ್ದಾದಾಗಲೆಲ್ಲ ಬೆಚ್ಚಿ ತಿರುಗಿ ನೋಡುತ್ತಿದ್ದಳು.

ಮಧ್ಯಾಹ್ನ ಟೀಚರ್ ಹೊರಬಂದು ನಕ್ಕರು. "ಇನ್ನೂ ಇಲ್ಲೇ ಇದೀರಾ? ಪಾಪು ಆರಾಮಾಗಿ ಊಟ ಮಾಡ್ತಿದಾಳೆ."

"ಯಾರಾದ್ರೂ ಅವಳನ್ನ ಕೇಳ್ಕೊಂಡು ಬಂದ್ರೆ ಕಳಿಸ್ಬೇಡಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ."

"ಅಯ್ಯೋ, ಯಾರೋ ಬಂದು ಕೇಳಿದ್ರೆ ಕಳಿಸಿಬಿಡ್ತೀವಾ?"

ವನಮಾಲಾಳಿಗೆ ಹೋದ ಜೀವ ಬಂದಂತಾಯಿತು.

ಟೀಚರ್ ಮೊಬೈಲ್ ಮುಂದೆ ಹಿಡಿದರು. "ನೋಡಿ, ಹೊಸ ಮಕ್ಕಳ ಫೋಟೋನ ಊರಿನ ಹೆಸರ ಸಮೇತ ಫೇಸ್‌ಬುಕ್‌ಗೆ ಹಾಕಿದ್ವಿ. ಪಾಪು ಅಪ್ಪ ಆಗ್ಲೇ ನೋಡಿ, 'ನನ್ನ ಮಗಳು! ಹೊರಟಿದೀನಿ' ಅಂತ ಬರ್ದಿದಾರೆ."