ಕಂಪನಿಯ ತಗಡು

ಗಾಳಿಯಂತ್ರದ ಕಂಪನಿಯ ಸೂಪರ್‌ವೈಸರ್ ಸಾಹೇಬರು ಬಯಲಿನ ನಡುವಿನ ತಮ್ಮ ಶೆಡ್ಡಿನ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಪಕ್ಕದ ಹೊಲದ ಮುದುಕಿ ಬಂದು ಕೈಮುಗಿದಳು.

"ಸಾಹೇಬ್ರ, ಸಂಜಿಗೆ ಜೋರು ಮಳಿ ಬರೂ ಹಂಗೈತಿ. ನನ್ನ ಆಡಿನ ಗೂಡಿನ ಮ್ಯಾಲ ಏನೂ ಇಲ್ರಿ. ಶೆಡ್ಡಿನ ಹಿಂದ ಬಿದ್ದಿರೂ ಹಳೇ ತಗಡು ಒಂದು ಕೊಡ್ರಿ."

"ಕಂಪನಿ ಅಂದ್ರ ಏನಂತ ತಿಳಿದಿ ಮುದುಕಿ? ಇಲ್ಲಿರೂ ಮೊಳಿನೂ ಕಂಪನಿದು. ಈ ಬಯಲಾಗ ಬೀಸೂ ಗಾಳಿನೂ ಕಂಪನಿದು. ನಡಿ, ನಡಿ."

ಸಂಜೆ ಆಕಾಶ ಕಪ್ಪಿಟ್ಟಿತು. ಗುಡುಗು ಸಿಡಿಲಿನೊಂದಿಗೆ ಬಿರುಗಾಳಿ ಎದ್ದಿತು; ತಡೆಯಲು ಬಯಲಿನಲ್ಲಿ ಒಂದು ಮರವೂ ಇರಲಿಲ್ಲ. ದಿನವಿಡೀ ತಿರುಗುತ್ತ ಮೆರೆದಿದ್ದ ಯಂತ್ರಗಳು ನಿಜವಾದ ಗಾಳಿ ಬಂದೊಡನೆ ರೆಕ್ಕೆ ನಿಲ್ಲಿಸಿ ತೆಪ್ಪಗಾದವು. ಸಾಹೇಬರು ಮೇಜಿನ ಕೆಳಗೆ ತೂರಿಕೊಂಡರು. ಅವರ ಶೆಡ್ಡಿನ ಮೇಲಿದ್ದ ಹೊಸ ತಗಡು ಕಿತ್ತುಕೊಂಡು ಹಾರಿಹೋಯಿತು.

ಬೆಳಿಗ್ಗೆ ನೋಡಿದರೆ ಅದು ಮುದುಕಿಯ ಆಡಿನ ಗೂಡಿನ ಮೇಲೆ, ನಾಲ್ಕು ಕಲ್ಲು ಹೇರಿಸಿಕೊಂಡು ಕೂತಿತ್ತು.

"ಯಾರನ್ನ ಕೇಳಿ ಒಯ್ದಿ? ಅದು ಕಂಪನಿ ತಗಡು," ಎಂದು ಒದ್ದೆ ಬಟ್ಟೆಯಲ್ಲೇ ಬಂದ ಸಾಹೇಬರು ಗದರಿದರು.

ಮುದುಕಿ ಹಾಲು ಹಿಂಡುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ನಾ ಎಲ್ಲಿ ಒಯ್ದೀನ್ರಿ ಸಾಹೇಬ್ರ? ನಿಮ್ಮ ಕಂಪನಿ ಗಾಳಿ ತಾನ ತಂದು ಕೊಟ್ಟು ಹೋತು."